ಹಾರಕದ ರೊಟ್ಟಿ

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ
ಲಾರಿಗಳ ಬೆನ್ನಿಗೆ ಹೆಸರು, ನಂಬರು ಬರೆಯುವವ ನಾನು.
ಸ್ಪೇರ್‌ಪಾರ್ಟ್ಸಿನ ಬಚಿತ್ತರ್ ಸಿಂಗ್ ತಂದ ಫೋಟೋ
ಅಂಗೈಯಗಲ: ಅವನಜ್ಜಿಯ ಊರಿನ
ಗುರುದ್ವಾರದ ಗೋಡೆ. ಈಗ ಅದರ ಮೇಲೆ ಮಾರ್ಬಲ್ಲು.
"ಅಂಗಡಿ ಒಳಗೆ ಇದೇ ಬೇಕು, ಹಾಲೇಶಣ್ಣ."

ಗುರು ಕೂತಿದ್ದಾನೆ. ಎರಡು ಮುಷ್ಟಿ.
ಒಂದರಲ್ಲಿ ಬಡಗಿಯ ಹಾರಕದ ರೊಟ್ಟಿ,
ಇನ್ನೊಂದರಲ್ಲಿ ಸಾಹುಕಾರನ ತುಪ್ಪದ ಪೂರಿ.
ಹಿಂಡಿದರೆ ಇದರಿಂದ ಹಾಲಂತೆ,
ಅದರಿಂದ ನೆತ್ತರಂತೆ.
ಫೋಟೋದಲ್ಲಿ ಎರಡೂ ಕಂದು.

ಯಾವ ಕೈಲಿ ಯಾವುದು?
"ಬಲಗೈಲಿ ಹಾಲು," ಅಂದ. ಆಮೇಲೆ ತಡೆದು,
"ಅಜ್ಜಿ ಗೋಡೆಗೆ ಎದುರು ನಿಂತು
ತನ್ನ ಬಲಗೈ ಎತ್ತಿ ತೋರಿಸ್ತಿದ್ಲು."
ಆಂಬ್ಯುಲೆನ್ಸಿನ ಹಣೆಗೆ ಅಕ್ಷರ ತಿರುಗಿಸಿ ಬರೆದ ಕೈ ನನ್ನದು,
ಗೊತ್ತು ನನಗೆ: ಎದುರು ನಿಂತವರ ಬಲ
ಗೋಡೆಗೆ ಎಡ.

ಮೂರು ದಿನ ಉಳಿದದ್ದೆಲ್ಲ ಬರೆದೆ.
ಗಡ್ಡ, ಜಮಖಾನ, ಮೂಲೆಗೊಂದು ನವಿಲು
(ಅದು ನಾನೇ ಸೇರಿಸಿದ್ದು, ಅವನು ಬೈಯಲಿಲ್ಲ).
ಬಿಳಿ ಡಬ್ಬಿ ತೆರೆದೇ ಇತ್ತು. ಕೆಂಪು,
ಟ್ಯಾಂಕರಿಗೆ 'ಅಪಾಯ' ಬರೆದು ಮಿಕ್ಕದ್ದು,
ಅದೂ ತೆರೆದಿತ್ತು.
ಕೆನೆ ಕಟ್ಟಿತು ಎರಡಕ್ಕೂ.

ಮಧ್ಯಾಹ್ನ ಅವನ ಬುತ್ತಿಯಿಂದ ಒಂದು ರೊಟ್ಟಿ
ನನ್ನ ಕೈಗೆ. ಆರಿಹೋಗಿತ್ತು.
ಮೊನ್ನೆ ಅವನ ಲೆಕ್ಕದಲ್ಲಿ
ಎರಡು ಲೀಟರು ಟರ್ಪೆಂಟೈನು
ಹೆಚ್ಚಿಗೆ ಬರೆಸಿದ್ದೆ.

ಮುರಿಯಲು ಎರಡೂ ಕೈ ಬೇಕು.
ಹಕ್ಕಿಮರಿ ಹಿಡಿದ ಹಾಗೆ ಹಿಡಿದೆ,
ಬೆರಳು ಬಿಗಿಯದಂತೆ,
ಅಷ್ಟಷ್ಟೇ ತಿಂದೆ.
"ಉಪ್ಪು ಕಮ್ಮಿಯಾಯ್ತಾ?" ಅಂದ.

ಗೋಡೆಯ ಮೇಲೆ
ಎರಡೂ ಮುಷ್ಟಿ ಇನ್ನೂ ಒಣಗಿಯೇ ಇವೆ.