ವಾಪಸು ಟ್ರಿಪ್ಪು

ಸ್ಟೇಟ್‌ಬ್ಯಾಂಕಿನಿಂದ ಉಡುಪಿಗೆ ಅರವತ್ತು ಕಿಲೋಮೀಟರ್.
ನನಗದನ್ನು ಕಲ್ಲು ಹೇಳಬೇಕಿಲ್ಲ, ಮೊಣಕಾಲು ಹೇಳುತ್ತದೆ:
ಕೂಳೂರು ಸೇತುವೆಯ ಹೊಂಡಕ್ಕೆ ಒಮ್ಮೆ,
ಹೆಜಮಾಡಿ ಟೋಲಿನ ಉಬ್ಬಿಗೆ ಇನ್ನೊಮ್ಮೆ.
ದಿನಕ್ಕೆ ಆರು ಟ್ರಿಪ್ಪು, ವಾರಕ್ಕೊಂದು ರಜೆ.
ಇಪ್ಪತ್ತೆಂಟು ವರ್ಷ ಬಾಗಿಲಲ್ಲಿ ನಿಂತು
‘ರೈಟ್, ಪೋಯಿ’ ಎಂದಿದ್ದೇನೆ.

ಬೆನೆಡಿಕ್ಟಾ ಟೀಚರ್ ಕಟಪಾಡಿಯಲ್ಲಿ ಹತ್ತಿ
ಮೂಲ್ಕಿಯಲ್ಲಿ ಇಳಿಯುವವರು,
ಚಿಲ್ಲರೆ ಯಾವತ್ತೂ ಎಣಿಸಿಯೇ ಕೊಡುವವರು.
ಒಂದು ಬೆಳಿಗ್ಗೆ ಟಿಕೇಟಿನ ಹಿಂಬದಿ ಪೆನ್ಸಿಲಿನಲ್ಲಿ ಗೀಚಿ,
‘ದೇಜಪ್ಪಣ್ಣ, ನೀವು ಭೂಮಿಗೆ
ಎಪ್ಪತ್ತೈದು ಸುತ್ತು ಬಂದಾಯಿತು, ಗೊತ್ತುಂಟಾ?’

ಎಂತ ತಮಾಷೆ ಟೀಚರ್,
ನಾನು ಗೋವಾ ಕೂಡ ನೋಡಿದವನಲ್ಲ.

‘ಸುತ್ತುವುದು ಬಿಟ್ಟು ನೆಟ್ಟಗೆ ಮೇಲೆ ಹೋಗಿದ್ದರೆ
ಮೂರೂವರೆ ವರ್ಷಕ್ಕೆ ಚಂದ್ರ.
ಮೂರು ಸಲ ಹೋಗಿ ಬಂದಿದ್ದೀರಿ.
ನಾಲ್ಕನೆಯ ಸಲ ಮುಟ್ಟಿ, ಈಗ ವಾಪಸು ದಾರಿ.
ಇನ್ನೊಂದು ಐದಾರು ತಿಂಗಳಿಗೆ ನೆಲ.’

ಐದಾರು ತಿಂಗಳು!
ದೀಪಾವಳಿಗೆ ಕೆಲಸ ಬಿಡುತ್ತೇನೆಂದು
ಧಣಿಗಳ ಹತ್ತಿರ ಮಾತ್ರ ಹೇಳಿದ್ದೆ.
ಡ್ರೈವರ್ ಮಯ್ಯದ್ದಿಗೂ ಗೊತ್ತಿಲ್ಲದ್ದು
ಈ ಪೆನ್ಸಿಲಿಗೆ ಯಾರು ಹೇಳಿದರು?

‘ಕೊರೋನದ ನಾಲ್ಕು ತಿಂಗಳು ಕಳೆದಿರಾ?’
ಟೀಚರ್ ಪೆನ್ಸಿಲು ಕಚ್ಚಿದರು. ಕಳೆದಿರಲಿಲ್ಲ.
ಹಾಗಾದರೆ ಆ ನಾಲ್ಕು ತಿಂಗಳು ನಾವು
ನಡುವೆ ಎಲ್ಲೋ ನಿಂತದ್ದು,
ಟಾರ್ಪಾಲು ಹೊದ್ದು, ಟೈರಿನ ಗಾಳಿ ಇಳಿದು,
ಹಿಂದೆಯೂ ಇಲ್ಲ ಮುಂದೆಯೂ ಇಲ್ಲ.
ನಿಜ. ಹಾಗೆಯೇ ಇತ್ತು.

‘ಮತ್ತೆ ಸೂರ್ಯನಿಗೆ?’
‘ಸಾವಿರದ ನಾನ್ನೂರು ವರ್ಷ.
ಆದರೆ ನೋಡಿ, ನಿಮ್ಮ ಕೆನ್ನೆಯ ಮೇಲಿನ ಈ ಬಿಸಿಲು
ನಾವು ಪಡುಬಿದ್ರಿ ಬಿಡುವಾಗ ಅಲ್ಲಿಂದ ಹೊರಟದ್ದು.
ಹೆಜಮಾಡಿಗೆ ತಲುಪಿತು.’

ಕೆನ್ನೆ ಮುಟ್ಟಿಕೊಂಡೆ. ಬೆಚ್ಚಗಿತ್ತು.
ಟೋಲಿನಲ್ಲಿ ನಮ್ಮೆದುರು ಹನ್ನೊಂದು ಲಾರಿ.

ಮೂಲ್ಕಿಯಲ್ಲಿ ಮೆಟ್ಟಿಲಿಳಿಯುತ್ತಾ ಇನ್ನೊಂದು ಹೇಳಿದರು,
ಕೊಡೆ ಬಿಡಿಸುತ್ತಾ, ಅರ್ಧ ನನಗೆ ಅರ್ಧ ಕೊಡೆಗೆ:
‘ಅದರಾಚೆಯ ಹತ್ತಿರದ ನಕ್ಷತ್ರಕ್ಕೆ
ಮೂವತ್ತೇಳು ಕೋಟಿ ವರ್ಷ.’
ಹತ್ತಿರದ್ದು, ಎಂದರು ಟೀಚರ್.
ನಾನು ಸೀಟಿ ಊದುವುದನ್ನು ಮರೆತೆ.

ಅಷ್ಟು ದೊಡ್ಡ ಲೆಕ್ಕ ನನ್ನ ಚೀಲದಲ್ಲಿ ಹಿಡಿಯುವುದಿಲ್ಲ.
ನನಗೆ ದೂರವೆಂದರೆ ಕೈ.
ಹಳೆಯಂಗಡಿಯಲ್ಲಿ ಮೀನಿನ ಬುಟ್ಟಿ ಹಿಡಿದ ಕೈ,
ಮುಕ್ಕದಲ್ಲಿ ಬಿಳಿ ಕೋಟು ಮಡಚಿಟ್ಟ ಕೈ,
ಓಡಿ ಬರುತ್ತಾ ದೂರದಿಂದಲೇ
‘ನಿಲ್ಲಿಸಿ ಮಾರಾಯ್ರೆ’ ಎನ್ನುವ ಕೈ.
ಬೈಯುತ್ತೇನೆ, ಮುಂದೆ ಹೋಗಿ ಮುಂದೆ ಹೋಗಿ ಎಂದು ತಳ್ಳುತ್ತೇನೆ,
ಸುರತ್ಕಲ್ ಬರುವಷ್ಟರಲ್ಲಿ ಉಸಿರಾಡಲೂ ಜಾಗವಿಲ್ಲ.
ಮೇಲೆ ಆ ರೂಟಿನಲ್ಲಿ
ಆರು ಸಾವಿರದ ನಾನ್ನೂರು ಟ್ರಿಪ್ಪಿನ ಉದ್ದಕ್ಕೂ
ಒಂದು ಕೈ ಏಳುವುದಿಲ್ಲವಂತೆ.
ಬೆಳಗಿನಿಂದ ನನ್ನ ಹೊಟ್ಟೆಯೊಳಗೆ
ಕೂತದ್ದು ಕೋಟಿಯಲ್ಲ, ಅದು.

ರಾತ್ರಿ ಕೊನೆಯ ಟ್ರಿಪ್ಪು. ಉಚ್ಚಿಲ ದಾಟಿತ್ತು.
ಎಡಕ್ಕೆ ತೆಂಗುಗಳಾಚೆ ಕಡಲು, ಅದರ ಮೇಲೆ ತಿಂಗಳು,
ಕಾಪು ದೀಪಸ್ತಂಭದ ಬೆಳಕು ಬಂದು ಹೋಗಿ ಬಂದು ಹೋಗಿ.
ಒಳಗೆ ನಾಲ್ಕೇ ಜನ, ಮೂವರು ನಿದ್ದೆಯಲ್ಲಿ.
ಅಗೋ, ಅಲ್ಲಿಂದ ಬರುತ್ತಿದ್ದೇನೆ ನಾನು, ಎಂದುಕೊಂಡೆ.
ನಗು ಬಂತು. ಮತ್ತೆ ಬರಲಿಲ್ಲ.

ಮೂಳೂರಿನ ಹತ್ತಿರ ಕತ್ತಲಲ್ಲಿ
ಮೊಬೈಲಿನ ಬೆಳಕೊಂದು ಮೇಲಕ್ಕೆ ಎದ್ದಿತು.
ಸೀಟಿ ಊದಿದೆ.
‘ಎಕ್ಸ್‌ಪ್ರೆಸ್ಸಿಗೆ ಇಲ್ಲಿ ಸ್ಟಾಪಿಲ್ಲ’ ಮಯ್ಯದ್ದಿ ಗದರಿದ.
ಗೊತ್ತುಂಟು. ಇನ್ನೊಮ್ಮೆ ಊದಿದೆ.

ಯಾರೋ ಹೆಂಗಸು. ಒದ್ದೆ ಸೆರಗು,
ಕಂಕುಳಲ್ಲಿ ನಿದ್ದೆ ಹೋದ ಮಗು, ಬೆವರಿನ ವಾಸನೆ.
‘ಎಲ್ಲಿಗೆ?’
ಕಂಬಿ ಹಿಡಿದು ಏದುಸಿರು ಬಿಡುತ್ತಾ
‘ಇಲ್ಲೇ, ಮುಂದೆ’ ಎಂದಳು.