ಮೂವತ್ತೇಳನೆಯವನ ಜೋಡಿ

ಓಮರು ಊರಿನ ಬಿಳಿಗಲ್ಲಿನ ಸಭಾಭವನಕ್ಕೆ
ಎರಡು ದಿನದ ಮಟ್ಟಿಗೆ ಮೂವತ್ತೇಳು ಜನ, ವೈದ್ಯರು, ನರ್ಸುಗಳು.
ಕೊರಳಲ್ಲಿ ಹಸಿರು ಪಟ್ಟಿ, ಪಟ್ಟಿಗೆ ಹೆಸರು.
ಬದುಕುವ ರೀತಿಯೇ ಮದ್ದು ಎಂದು ಕಲಿಯಲು ಬಂದವರು,
ಬಂದದ್ದು ಮಾತ್ರ ರಾತ್ರಿಯಿಡೀ ಕಾರು ಓಡಿಸಿಕೊಂಡು.

ಅಡುಗೆಮನೆ ನನ್ನದು. ನೋಯ್ಲೀನ್ ಅಂತಾರೆ.
ತಿಂಗಳ ಮೊದಲೇ ಕಾಗದ ಬಂದಿತ್ತು:
ಸಕ್ಕರೆ ಕೂಡದು, ಮೈದಾ ಕೂಡದು, ಬೆಣ್ಣೆ ಕೂಡದು.
ಮೂವತ್ತು ವರ್ಷ ಮದುವೆಗೂ ಮಸಣಕ್ಕೂ
ಕೇಕು ಬೇಯಿಸಿದ ಕೈ ಇದು,
ಕೂಡದು ಕೂಡದು ಎಂದು ಗೊಣಗುತ್ತ
ಕೊನೆಗೆ ಬೇಳೆ ನೆನೆಹಾಕಿತು.

ಬೆಳಗ್ಗೆ ಒಂಬತ್ತಕ್ಕೆ ನಿದ್ದೆಯ ಬಗ್ಗೆ ಉಪನ್ಯಾಸ.
ಮುಂದಿನ ಸಾಲಿನಲ್ಲೇ ಇಬ್ಬರು ತೂಕಡಿಸಿದರು;
ಯಾರೂ ಎಬ್ಬಿಸಲಿಲ್ಲ. ಅಷ್ಟರಮಟ್ಟಿಗೆ
ಪಾಠ ಹತ್ತಿದೆ ಅಂದುಕೊಂಡೆ.
ಹನ್ನೊಂದಕ್ಕೆ ಎಲ್ಲರೂ ಎದ್ದು ನಿಂತಲ್ಲೇ ನಡೆದರು,
ಹಲಗೆ ನೆಲ ಗುಡುಗಿ ನನ್ನ ಕಪಾಟಿನ ಕಪ್ಪುಗಳೂ ನಡೆದವು.
ಮೂರೂವರೆಗೆ ಹಿರಿಯ ವೈದ್ಯರೊಬ್ಬರು ಬಾಗಿಲಲ್ಲಿ ತಲೆಯಿಟ್ಟು
ಮೆತ್ತಗೆ ಕೇಳಿದರು: ಬಿಸ್ಕತ್ತು ಏನಾದರೂ...?
ಹಳೇ ಡಬ್ಬಿ ತೋರಿಸಿದೆ. ಎರಡು ತಗೊಂಡರು.
ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಎರಡನೆಯ ದಿನ ಕೇಳಿಸಿಕೊಳ್ಳುವ ವಿದ್ಯೆ.
ಇಬ್ಬಿಬ್ಬರು ಎದುರುಬದುರು, ಒಬ್ಬರು ರೋಗಿ, ಒಬ್ಬರು ವೈದ್ಯ,
ಎಂಟು ನಿಮಿಷಕ್ಕೆ ಗಂಟೆ.
ಉಪದೇಶ ಕೂಡದು. ನೋಡಿ, ಅವರಿಗೂ ಕೂಡದು.
ಮೂವತ್ತೇಳು ಬೆಸ. ಉಳಿದವನು ಸಿಯೋಸಾಯಾ,
ಟೋಂಗಾ ಮೂಲದ ಹುಡುಗ, ಓದು ಮುಗಿಸಿ ಎರಡು ವರ್ಷ,
ಕುರ್ಚಿಯ ತುಂಬ ಮೈ, ಎದುರಿಗೆ ಖಾಲಿ ಕುರ್ಚಿ.
ಕಲಿಸುವಾಕೆ ಸುತ್ತ ನೋಡಿ ನನ್ನ ಏಪ್ರನ್ ಕಂಡಳು.
ಒಲೆಯ ಮೇಲೆ ಬೇಳೆಯಿದೆ ಅಂದೆ.
ಎಂಟೇ ನಿಮಿಷ ಅಂದಳು.

ಕೈಯೊರೆಸಿಕೊಂಡು ಕೂತೆ.
ಪಾತ್ರ ತಾನೆ, ಯಾವುದೋ ರೋಗ ಕಟ್ಟಿದರಾಯಿತು.
ಮಂಡಿನೋವು ಅಂದೆ. ನನ್ನ ಮಂಡಿ ಕಲ್ಲಿನ ಹಾಗಿದೆ.
ಅವನು ತಲೆದೂಗಿ ಹಾಳೆ ನೋಡಿದ.
ನಿದ್ದೆ? ಬರುತ್ತೆ. ನಡಿಗೆ? ಇದೆ.
ರಾತ್ರಿ ಏನು ಊಟ? ಟೋಸ್ಟು.
ನಿನ್ನೆ? ಟೋಸ್ಟು. ಮೊನ್ನೆ?
ಪುಟ ತಿರುವಲು ಹೋಗಿ ಹಾಳೆ ಜಾರಿ
ಕುರ್ಚಿಯಡಿ ಸೇರಿತು. ಹುಡುಗ ಬಗ್ಗಲಿಲ್ಲ,
ಬಾಯಿಗೆ ಬಂದದ್ದು ಕೇಳಿಬಿಟ್ಟ:
ಎಲ್ಲಿ ಕೂತು ಊಟ ಮಾಡ್ತೀರಿ?

ಎಲ್ಲಿ ಕೂತು.
ಮಂಡಿನೋವಿನವಳು ಅಷ್ಟಕ್ಕೇ ಎದ್ದು ಹೋದಳು,
ಅವಳ ಕುರ್ಚಿಯಲ್ಲಿ ನಾನು ಉಳಿದೆ.
ಕೂರುವುದಿಲ್ಲ ಅಂದೆ. ಸಿಂಕಿನ ಹತ್ತಿರ ನಿಂತೇ.
ತಟ್ಟೆಯೂ ಇಲ್ಲ, ಅಂಗೈ.
ಕಾಲಿನ್ ಹೋದಮೇಲೆ ಮೇಜಿನ ತುಂಬ
ಇಸ್ತ್ರಿಯಾಗದ ಬಟ್ಟೆ, ಕರೆಂಟಿನ ಬಿಲ್ಲು, ಅವನ ಕನ್ನಡಕ,
ಗೂಡ್ಸ್ ರೈಲಿನ ಎಣ್ಣೆ ಕುಡಿದ ಅವನ ಟೋಪಿ.
ಸರಿಸಿದರೆ ಒಬ್ಬರಿಗೆ ಜಾಗವಾಗುತ್ತದೆ.
ಒಬ್ಬರಿಗೆ.
ಸರಿಸಿಲ್ಲ. ಮೂರು ವರ್ಷ.

ಮಂಡಿಯ ಸುದ್ದಿ ಅವನು ಮತ್ತೆ ಎತ್ತಲಿಲ್ಲ.
ದೊಡ್ಡ ಕೈಗಳನ್ನು ತೊಡೆಯ ಮೇಲೆ ಮಗುಚಿಟ್ಟು
ಕೂತ. ಕೂತೇ ಇದ್ದ.
ಒಮ್ಮೆ ಬಾಯಿ ತೆರೆದ; ಮುಚ್ಚಿದ.
ಮೂವತ್ತಾರು ಜನ ಒಬ್ಬರನ್ನೊಬ್ಬರು ಗಟ್ಟಿಯಾಗಿ ಕೇಳಿಸಿಕೊಳ್ಳುತ್ತಿದ್ದರು,
ನಮ್ಮ ಮೂಲೆಯೊಂದೇ ಸುಮ್ಮನೆ.

ಗಂಟೆ ಹೊಡೆಯಿತು. ಪಾತ್ರ ಬದಲಿಸಿ ಅಂದರು.
ಈಗ ಅವನು ರೋಗಿ, ವೈದ್ಯೆ ನಾನು.
ತೋಚಿದ್ದು ಒಂದೇ: ತಿಂದೆಯೇನಪ್ಪ?
ಇಲ್ಲ ಅಂದ. ಬೆಳಗಿಂದ ಇಲ್ಲ.
ಅಷ್ಟರಲ್ಲಿ ವಾಸನೆ ಬಂತು.

ನಾನು ಬದಲಿಸಿದ್ದು ಪಾತ್ರೆ.
ಮೇಲಿನ ಬೇಳೆಯನ್ನು ಮೆಲ್ಲಗೆ ಬೇರೆಗೆ ಬಗ್ಗಿಸಿ ಬಡಿಸಿದೆ;
ಹೊಗೆಯ ರುಚಿ ಸೊಗಸಾಗಿದೆ,
ಮಾಡುವ ವಿಧಾನ ಬರೆದುಕೊಡಿ ಅಂದರು ನಾಲ್ಕು ಜನ.
ತಳಹಿಡಿದದ್ದನ್ನು ತಿಕ್ಕಿದವನು ಅವನು,
ಎರಡು ತಟ್ಟೆ ಉಂಡು, ತೋಳು ಮಡಿಸಿ.

ಸಂಜೆ ಪ್ರಮಾಣಪತ್ರ ಹಂಚಿದರು, ಹದಿನಾಲ್ಕು ಗಂಟೆಯ ಕಲಿಕೆ ಎಂದು.
ಹೆಸರಿಲ್ಲದ ಒಂದು ಹೆಚ್ಚಿಗೆ ಉಳಿದಿತ್ತು.
ಹುಡುಗ ಪೆನ್ನು ತೆಗೆದು ಹದಿನಾಲ್ಕು ಗಂಟೆ ಹೊಡೆದುಹಾಕಿ
ಎಂಟು ನಿಮಿಷ ಎಂದು ಬರೆದ, ಮೇಲೆ ನನ್ನ ಹೆಸರು,
ಕಾಗುಣಿತ ತಪ್ಪು.

ಮನೆಗೆ ತಂದೆ. ಇಡಲು ಮೇಜಿನ ಮೇಲೆ ಜಾಗವಿಲ್ಲ.
ಟೋಪಿಯೊಂದನ್ನು ಎತ್ತಿ ಗೂಟಕ್ಕೆ ಹಾಕಿದೆ.
ಅಷ್ಟೇ. ಟೋಸ್ಟು ನಿಂತೇ ತಿಂದೆ.