ಕಡ

ಮೊದಲು ಕೇಳಬೇಕು, ಅನ್ನುತ್ತಿದ್ದಳು ಅಜ್ಜಿ ತಮೂಮಿಂತ್,
ಕಿವಿ ನೆಲಕ್ಕಿಟ್ಟು.
ಏನು ಕೇಳಿಸುತ್ತಿತ್ತೋ ಅವಳಿಗೆ. ನನಗಂತೂ
ನನ್ನ ಹೊಟ್ಟೆಯ ಸದ್ದೇ.

ಅಯೀರ್ ಬೆಟ್ಟದ ತಪ್ಪಲು, ಮಳೆಗೆ ಮುಂಚಿನ ಬಡ ತಿಂಗಳು.
ಉಪ್ಪಿನ ಒಂಟೆಗಳ ಹಿಂದೆ ಹೋದ ಮಾವ ಅಖಮುಕ್
ಸಜ್ಜೆಯ ಮೂಟೆಯೊಡನೆ ಬರಲು ಇನ್ನೆಷ್ಟು ದಿನವೋ.
ಮೇಕೆಗಳ ಕೆಚ್ಚಲು ಖಾಲಿ ಚೀಲ.

ಕಂಡಿಯ ಸುತ್ತ ಹೊಟ್ಟಿನ ಉಂಗುರ,
ಒಳಗೆ ಸುಲಿದು ಕೇರಿ ಹೊರಗೆ ಚೆಲ್ಲಿದ್ದು.
ಅಜ್ಜಿ ಒಂದು ಚಿಟಿಕೆ ತಿಕ್ಕಿ ಮೂಸಿದಳು:
"ಇದು ಹೋದ ವರ್ಷದ್ದು. ಇದು ನಿನ್ನೆಯದು.
ಗಟ್ಟಿ ಮನೆತನ."

ಬೆಳಗಿನ ಹೊತ್ತು ದಾರಿ ಕಪ್ಪಗೆ ಹರಿಯುತ್ತಿತ್ತು,
ಅಗಲ ನಾಲ್ಕು ಬೆರಳು, ಉದ್ದ ಒಂಟೆಯ ಮೂವತ್ತು ಹೆಜ್ಜೆ.
ಹೋಗುವವು ಬರಿಬಾಯಿ. ಬರುವವು
ಅಫಜೂ ಹುಲ್ಲಿನ ಕಾಳು ಕಚ್ಚಿ, ತಲೆ ಎತ್ತಿ,
ತುಂಬಿದ ಕೊಡ ಹೊತ್ತವರ ಹಾಗೆ, ತುಳುಕದೆ.
ಒಂದು ಪೆದ್ದು, ಕಾಳೆಂದು
ಮೇಕೆಯ ಹಿಕ್ಕೆಯ ಚೂರು ಎಳೆದು ತಂದಿತ್ತು.
ಬಾಗಿಲಲ್ಲಿ ಯಾರೂ ಬೈಯಲಿಲ್ಲ.
ಇನ್ನೊಂದು ಬಂದು ಅದನ್ನೆತ್ತಿ ತಿಪ್ಪೆಗೆ ಹಾಕಿತು.
ಅಷ್ಟೆ.
ಬಿಸಿಲೇರಿದಂತೆ ದಾರಿ ಇಂಗಿತು ಮರಳಲ್ಲಿ.

ಆಗ ಅಗೆಯುವುದು. ಗುದ್ದಲಿ ಕೂಡದು; ಜಿಂಕೆಯ ಕೊಂಬು.
ಮೊಳದಾಳದಲ್ಲಿ ಮೊದಲ ಕಣಜ, ಅಂಗೈಯಗಲ,
ನೆಲ ಸಾರಿಸಿದಷ್ಟು ನುಣುಪು,
ಮೊಳಕೆಯ ಮೂತಿ ಕಡಿದಿಟ್ಟ ಕಾಳು
ಮಲಗಿದ್ದವು ಸದ್ದಿಲ್ಲದೆ.
ಕತ್ತಲಲ್ಲಿ ಬೀಸುವ ದಪ್ಪತಲೆಯವು ಏರಿ ಬಂದವು.
ಒಂದು ನನ್ನ ಹೆಬ್ಬೆರಳು ಹಿಡಿಯಿತು.
ಮುಂಡ ಕಿತ್ತರೂ ತಲೆ ಬಿಡಲಿಲ್ಲ.
ಅಜ್ಜಿಗೆ ನಗು: "ನಿನ್ನ ಬಟ್ಟಲಿಗೆ ಯಾರಾದರೂ ಕೈ ಹಾಕಿದರೆ
ನೀನು ಹಾಡು ಹೇಳುತ್ತೀಯಾ?"

ಎರಡನೆಯ ಕಣಜವೂ ಆಯಿತು.
ಮೂರನೆಯದಕ್ಕೆ ಚಾಚಿದ ಮಣಿಕಟ್ಟಿಗೆ
ಪಟ್ಟನೆ ಏಟು.
"ಅಲ್ಲಿಂದ ಕೆಳಗೆ ಅವುಗಳದು. ಮಕ್ಕಳಿವೆ.
ಇನ್ನೂ ಕೆಳಗೆ ಅವಳು,
ಹುಟ್ಟಿದ ಮೇಲೆ ಒಂದೇ ಒಂದು ಸಲ ಹಾರಿದವಳು,
ತನ್ನ ರೆಕ್ಕೆ ತಾನೇ ಮುರಿದುಕೊಂಡು ಇಳಿದವಳು.
ವಯಸ್ಸಲ್ಲಿ ನಿನಗಿಂತ ದೊಡ್ಡವಳು, ಗೈಶಾ."

"ಕದ್ದೆವಾ ಅಜ್ಜಿ?"
"ಕಡ ತಂದೆವು."

ರಾತ್ರಿ ಗಂಜಿ. ಹಲ್ಲಿಗೆ ಮರಳು,
ನಾಲಿಗೆಯ ತುದಿಗೆ ಇರುವೆಯ ಹುಳಿ, ಒಂದಿಷ್ಟೇ.
ಎರಡು ಸಲ ಬಡಿಸಿಕೊಂಡೆ.

ಮಳೆ ಬಂದ ಮರುದಿನ ಓಡಿಹೋಗಿ ನೋಡಿದರೆ
ಒದ್ದೆ ಕಾಳನ್ನೆಲ್ಲ ಹೊರಗೆ ತಂದು
ಬಿಸಿಲಿಗೆ ಹರವಿದ್ದವು. ಪಕ್ಕಕ್ಕೆ, ತಿಪ್ಪೆಯಲ್ಲಿ,
ಸತ್ತವು, ಹೊಟ್ಟಿನ ಜೊತೆಗೇ.
ನಾವು ಕೆಡವಿದ್ದು ಎಲ್ಲಿ ಎಂದು
ಹುಡುಕಿದರೂ ಸಿಗಲಿಲ್ಲ.

ಈಗ ಅಜ್ಜಿ ಎರಡು ಕಲ್ಲುಗಳ ನಡುವೆ.
ನಾನು ಅಗಾದೆಜ್ ಪೇಟೆಯಲ್ಲಿ ಚರ್ಮದ ಚೀಲ ಹೊಲಿಯುವವಳು,
ಮೂವತ್ತೆಂಟು ವರ್ಷ, ಸಜ್ಜೆಗೆ ಕೊರತೆಯಿಲ್ಲ.
ಗೋರಿಗೆ ಹೋದವಳು ಅಲ್ಲಿಗೂ ಹೋದೆ.
ಅದೇ ಮನೆಯೋ, ಮೊಮ್ಮಕ್ಕಳದೋ,
ಕೇಳುವುದು ಯಾರನ್ನು?
ಉಂಗುರ ಮಾತ್ರ ಇತ್ತು.
ಮೂವತ್ತು ಕಾಳು ಎಣಿಸಿ ಬಾಗಿಲಲ್ಲಿಟ್ಟೆ.

ನನ್ನ ಕಡೆ ಯಾವುದೂ ನೋಡಲಿಲ್ಲ.
ಒಂದು ಬಂತು, ಮೀಸೆಯಲ್ಲಿ ತಡವಿತು, ಎತ್ತಿತು, ಇಳಿಸಿತು,
ಯೋಚಿಸುವವರ ಹಾಗೆ ಸುತ್ತಿತು, ಮತ್ತೆ ಎತ್ತಿತು.
ನೆರಳು ಉದ್ದವಾಗುವವರೆಗೆ ಕೂತೆ:
ಇಪ್ಪತ್ತೇಳು ಒಳಗೆ. ಮೂರು ತಿಪ್ಪೆಗೆ.
ಬಡ್ಡಿಯ ಮಾತೆತ್ತಲಿಲ್ಲ.

ತಿಪ್ಪೆಯ ಆ ಮೂರು,
ಮೂತಿ ಕಡಿಯದೆ ಎಸೆದವು,
ಮಳೆಗೆ ಕಾಯುತ್ತಿವೆ.